ಕಡಲ ತೀರದಲ್ಲಿ ಸಿಕ್ಕ ಗುಂಡು ಯಾರದು?

ಮಳೆಗಾಲದಲ್ಲಿ ಕಡಲ್ಕೊರೆತವಾಗಿ ಮರಳು ಕೊಚ್ಚಿಹೋದಾಗ ಹಳೆಯ ಸಾಮಾನುಗಳು ಮೇಲೆ ಬರುತ್ತವೆ. ಸೀಸದ ಉರುಟು ಗುಂಡೊಂದು ಸಿಕ್ಕಿದರೆ ನಮ್ಮ ಕಡೆ ಮೊದಲು ಬರುವ ಮಾತು, 'ಇದು ಟಿಪ್ಪು ಸುಲ್ತಾನರದ್ದು'. ಕಾಲ ಅದೇ ಇರಬಹುದು. ಆದರೆ ಗುಂಡು ಯಾರ ಕೋವಿಯದು ಎಂಬುದು ಬೇರೆ ಪ್ರಶ್ನೆ.

1783ರ ಮೇ ತಿಂಗಳಿಂದ 1784ರ ಜನವರಿವರೆಗೆ ಮಂಗಳೂರು ಕೋಟೆಯೊಳಗಿದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಸೇನೆ. ಹೊರಗಿನಿಂದ ಮುತ್ತಿಗೆ ಹಾಕಿದ್ದು ಟಿಪ್ಪುವಿನ ಸೇನೆ. ಮೊದಲ ಕೆಲವು ತಿಂಗಳು ಫ್ರೆಂಚರೂ ಟಿಪ್ಪುವಿನ ಜೊತೆಗಿದ್ದರು. ಹೀಗೆ ಒಂದೇ ಯುದ್ಧದಲ್ಲಿ ಮೂರು ಕಡೆಯ ಕೋವಿಗಳು. ಮೈಸೂರಿನವರ ಕೈಯಲ್ಲಿ ಫ್ರೆಂಚ್ ಕೋವಿಯೂ ಇತ್ತು, ಇಂಗ್ಲಿಷ್ ಕೋವಿಯೂ ಇತ್ತು.

ಆದ್ದರಿಂದ ಮೊದಲು ಅಳತೆ. ವರ್ನಿಯರ್ ಕ್ಯಾಲಿಪರ್ ಮತ್ತು ಚಿನ್ನದಂಗಡಿಯ ತಕ್ಕಡಿ ಸಾಕು. ಇಂಗ್ಲಿಷರ 'ಬ್ರೌನ್ ಬೆಸ್' ಕೋವಿಯ ಗುಂಡು ಸುಮಾರು 17.5 ಮಿ.ಮೀ., ತೂಕ 32 ಗ್ರಾಂ ಹತ್ತಿರ. ಫ್ರೆಂಚರದ್ದು ಸುಮಾರು 16.5 ಮಿ.ಮೀ., 26 ಗ್ರಾಂ ಆಸುಪಾಸು. ಹಳೆಯ ಸೀಸದ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಅಚ್ಚಿನ ಗೆರೆ ಹಾಗೇ ಇದ್ದು ಗುಂಡು ಉರುಟಾಗಿಯೇ ಇದ್ದರೆ ಅದು ಹಾರಿಸದೆ ಕೆಳಗೆ ಬಿದ್ದದ್ದಿರಬಹುದು. ಚಪ್ಪಟೆಯಾಗಿದ್ದರೆ ಎಲ್ಲಿಗೋ ಬಡಿದಿದೆ. ನಡುವೆ ತೂತಿದ್ದರೆ ಅದು ಗುಂಡೇ ಅಲ್ಲ, ಮೀನಿನ ಬಲೆಗೆ ಕಟ್ಟುವ ಸೀಸ!

ಉದ್ದನೆಯ ಆಕಾರ, ತಳದಲ್ಲಿ ಗುಳಿ, ಸುಮಾರು 14 ಮಿ.ಮೀ. ಇದ್ದರೆ ಅದು 1853ರ ಎನ್‌ಫೀಲ್ಡ್ ಮಾದರಿಯ ನಂತರದ್ದು. ಆಗ ಟಿಪ್ಪು ತೀರಿಹೋಗಿ ಅರ್ಧ ಶತಮಾನ ಕಳೆದಿತ್ತು. 7.9 ಮಿ.ಮೀ. ದಪ್ಪದ, ಹೊರಗೆ ಲೋಹದ ಕವಚವಿರುವ ಗುಂಡು 'ತ್ರೀ ನಾಟ್ ತ್ರೀ' ರೈಫಲಿನದು, ಅಂದರೆ 1888ರ ಈಚಿನದು. ಅದರ ಹಿತ್ತಾಳೆ ಚಿಪ್ಪಿನ ತಳದಲ್ಲಿ 'ಕೆ ಎಫ್' ಎಂದಿದ್ದರೆ ಪುಣೆಯ ಖಡ್ಕಿ ಕಾರ್ಖಾನೆಯದು.

ಒಂದು ಎಚ್ಚರಿಕೆ. ಹಿತ್ತಾಳೆ ಚಿಪ್ಪಿನಲ್ಲಿ ಗುಂಡು ಇನ್ನೂ ಕೂತಿದ್ದರೆ ಮುಟ್ಟಬೇಡಿ, ಅದು ಸಿಡಿಯಬಹುದು. 112ಕ್ಕೆ ಕರೆ ಮಾಡಿ. ಗುಜರಿಗಂತೂ ಹಾಕಲೇಬೇಡಿ. ನಮ್ಮವರಲ್ಲಿ ಗುಜರಿ ವ್ಯಾಪಾರದವರು ಎಷ್ಟೋ ಮಂದಿ. ಸುತ್ತಿಗೆ ಹಿಡಿಯುವ ಕೈ ನಮ್ಮ ಮನೆಯದೇ ಆಗಿರಬಹುದು. ಬರಿಯ ಸೀಸವೂ ವಿಷ, ಮಕ್ಕಳ ಕೈಗೆ ಕೊಡಬೇಡಿ.

ಸೀಸದ ಗುಂಡು ಸಿಕ್ಕಿದರೆ ಉಜ್ಜಿ ಹೊಳಪು ಮಾಡಬೇಡಿ. ಸಿಕ್ಕಿದ ಜಾಗ, ದಿನ, ಅಳತೆ, ತೂಕ ಬರೆದಿಡಿ. ಅಳತೆಯಿಂದ ಕೋವಿ ಯಾವುದೆಂದು ಊಹಿಸಬಹುದು. ಅಲ್ಲಿ ಯುದ್ಧ ನಡೆದಿತ್ತೇ ಎಂದು ತಿಳಿಯಬೇಕಾದರೆ ಅದು ಬಿದ್ದಿದ್ದ ಜಾಗವೂ ಗೊತ್ತಿರಬೇಕು.