ದಿನಕ್ಕೆ 150 ಬಾಳೆಹಣ್ಣು: ಶಾಸನಗಳಲ್ಲಿ ಮಾವು ಯಾಕೆ ಅಪರೂಪ?

ದಾನಶಾಸನಗಳನ್ನು ಓದುವವರಿಗೆ ಒಂದು ವಿಷಯ ಬೇಗ ಕಣ್ಣಿಗೆ ಬೀಳುತ್ತೆ. ನೈವೇದ್ಯದ ಪಟ್ಟಿಯಲ್ಲಿ ಅಕ್ಕಿ, ಬೇಳೆ, ಮೆಣಸು, ಹುಣಸೆ, ತುಪ್ಪ, ಮೊಸರು, ಅಡಿಕೆ, ವೀಳ್ಯದೆಲೆ, ಬಾಳೆಹಣ್ಣು ಮತ್ತೆ ಮತ್ತೆ ಬರುತ್ತವೆ. ಮಾವು, ಹಲಸು, ನೇರಳೆ, ಅವರೆಕಾಯಿ ಅಪರೂಪ. ಇದನ್ನು ನೋಡಿ, ಆ ಕಾಲದ ಊಟದಲ್ಲಿ ಹಣ್ಣು-ತರಕಾರಿ ಕಮ್ಮಿ ಇತ್ತು ಅಂತ ತೀರ್ಮಾನಿಸುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಕಾರಣ ತಂಜಾವೂರಿನ ಒಂದು ಲೆಕ್ಕದಲ್ಲಿದೆ.

ರಾಜರಾಜ ಚೋಳ ಕಟ್ಟಿಸಿದ, 1010ರಲ್ಲಿ ಪೂರ್ಣಗೊಂಡ ಬೃಹದೀಶ್ವರ ದೇವಾಲಯದ ಶಾಸನಗಳನ್ನು ಹುಲ್ಟ್ಸ್ ಅವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ ಎರಡನೇ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಅದರಲ್ಲೊಂದು ಗಣಪತಿಯ ಬಾಳೆಹಣ್ಣಿನ ದತ್ತಿ. ರಾಜ 360 ಕಾಸು ಮೂಲಧನವನ್ನು ಊರಿನ ಅಂಗಡಿಬೀದಿಗಳ ವರ್ತಕರ ಬಳಿ ಇಡುತ್ತಾನೆ. ಬಡ್ಡಿ ವರ್ಷಕ್ಕೆ ಕಾಸಿಗೆ ಎಂಟನೇ ಒಂದು ಭಾಗ. ಆ ಬಡ್ಡಿಯಲ್ಲಿ ದಿನಕ್ಕೆ 150 ಹಣ್ಣು ಕೊಡಬೇಕು. ದರ, ಕಾಸಿಗೆ 1,200 ಹಣ್ಣು.

ಎಂಜಿನಿಯರ್ ಬುದ್ಧಿ, ಗುಣಿಸದೆ ಬಿಡಲ್ಲ. 150ನ್ನು 360 ದಿನಕ್ಕೆ ಗುಣಿಸಿದರೆ 54,000 ಹಣ್ಣು. 1,200ರಿಂದ ಭಾಗಿಸಿದರೆ 45 ಕಾಸು. 360 ಕಾಸಿನ ಎಂಟನೇ ಒಂದು ಭಾಗವೂ 45! ಒಂದು ಹಣ್ಣೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಈಗ ಬಾಳೆಯ ಜಾಗದಲ್ಲಿ ಮಾವನ್ನಿಟ್ಟು ನೋಡಿ. ಮಾವು ಬರುವುದು ಬೇಸಿಗೆಯ ಕೆಲವೇ ತಿಂಗಳು. ಮಿಕ್ಕ ತಿಂಗಳು ವರ್ತಕ ಎಲ್ಲಿಂದ ತರಬೇಕು? ಒಪ್ಪಂದ ಮೊದಲ ವರ್ಷವೇ ಮುರಿದುಬೀಳುತ್ತೆ. ಬಾಳೆ ಹಾಗಲ್ಲ. ನೆಟ್ಟ ಸುಮಾರು ಒಂದು ವರ್ಷಕ್ಕೆ ಗೊನೆ, ಗೊನೆ ಕಡಿದರೆ ಪಕ್ಕದಲ್ಲಿ ಕಂದು ರೆಡಿ. ನೀರಿದ್ದರೆ, ಹಿಂದೆಮುಂದೆ ಮಾಡಿ ನೆಟ್ಟರೆ, ವರ್ಷವಿಡೀ ಹಣ್ಣು.

ಮೇಲಿನ ಪಟ್ಟಿಯನ್ನು ಇದೇ ಕಣ್ಣಿನಿಂದ ಮತ್ತೊಮ್ಮೆ ನೋಡಿ. ಅಕ್ಕಿ, ಬೇಳೆ, ಮೆಣಸು, ಹುಣಸೆ, ಅಡಿಕೆ ಕೂಡಿಡಬಹುದಾದವು. ಮೊಸರು, ತುಪ್ಪ, ವೀಳ್ಯದೆಲೆ, ಬಾಳೆ ವರ್ಷವಿಡೀ ಸಿಗುವಂಥವು. ಆಚಂದ್ರಾರ್ಕ ನಡೆಯಬೇಕಾದ ದತ್ತಿಗೆ ಈ ಎರಡೇ ಜಾತಿಯ ಪದಾರ್ಥ ಹೊಂದುತ್ತೆ. ನಂದಾದೀಪಕ್ಕೆ ಚೋಳರು ಕೊಟ್ಟ 96 ಕುರಿಗಳನ್ನು ‘ಸಾಯದ, ಮುಪ್ಪಾಗದ’ ಕುರಿಗಳು ಎಂದು ಕರೆದದ್ದರ ಹಿಂದೆಯೂ ಇದೇ ತರ್ಕ: ಸಂಖ್ಯೆ ಯಾವತ್ತೂ ಇಳಿಯಬಾರದು.

ಹಾಗಾದ್ರೆ ತರಕಾರಿ? ಅದೂ ಇದೆ. ಆದರೆ ತಮಿಳು ಶಾಸನಗಳಲ್ಲಿ ಬಹಳ ಕಡೆ ಬರೀ ‘ಕರಿ ಅಮುದು’, ಅಂದರೆ ಪಲ್ಯದ ನೈವೇದ್ಯ. ಬದನೆಯೋ ಕುಂಬಳವೋ ಹೇಳಲ್ಲ. ಆ ತಿಂಗಳು ತೋಟದಲ್ಲಿ ಏನು ಬಂದಿದೆಯೋ ಅದನ್ನು ಹಾಕಲು ಅಡುಗೆಯವನಿಗೆ ಬಿಟ್ಟ ಜಾಗ ಅದು ಎಂಬುದು ನನ್ನ ಓದು. ಋತುಮಾನ ಶಾಸನದಲ್ಲಿ ಕಾಣೆಯಾಗಿಲ್ಲ, ಆ ಒಂದು ಪದದೊಳಗೆ ಕೂತಿದೆ. ಯಾವ ತರಕಾರಿ, ಹೇಗೆ ಅಡುಗೆ ಎಂದು ತಿಳಿಯಬೇಕಾದವರು ಗ್ರಂಥಗಳ ಕಡೆ ತಿರುಗಬೇಕು. ಇದೇ ಕಾಲದ ಕನ್ನಡದಲ್ಲಿ, 1025ರ ಸುಮಾರಿಗೆ, ಎರಡನೇ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವೂ ಇದೆ, ಸೂಪಶಾಸ್ತ್ರವೂ ಇದೆ.

ಇನ್ನೊಂದು ಎಚ್ಚರ. ಶಾಸನದ ಮಾಸ-ತಿಥಿ ಹಿಡಿದು ಆಗ ಯಾವ ಹಣ್ಣಿನ ಕಾಲ ಎಂದು ಊಹಿಸುವಾಗ ಇಂದಿನ ಪಂಚಾಂಗವನ್ನು ನೇರವಾಗಿ ಇಟ್ಟು ನೋಡಬೇಡಿ. ನಮ್ಮ ಪಂಚಾಂಗದ ವರ್ಷ ಋತುಗಳ ವರ್ಷಕ್ಕಿಂತ ಸ್ವಲ್ಪ ಉದ್ದ. ಈಗ ಜನವರಿ 14-15ಕ್ಕೆ ಬರುವ ಮಕರ ಸಂಕ್ರಾಂತಿ ರಾಜರಾಜನ ಕಾಲದಲ್ಲಿ ಡಿಸೆಂಬರ್ ಕೊನೆಗೇ ಬರುತ್ತಿತ್ತು. ಅಂದರೆ ಅಂದಿನ ಯುಗಾದಿ ಬಿಸಿಲಿನ ಲೆಕ್ಕದಲ್ಲಿ ಇಂದಿಗಿಂತ ಸುಮಾರು ಎರಡು ವಾರ ಮೊದಲು. ಮಾವಿನಕಾಯಿ ಇನ್ನೂ ಎಳೆಯದು!

ಶಾಸನ ಬರೆಸಿದ್ದು ಊಟದ ವರದಿ ಕೊಡೋಕಲ್ಲ, ಒಪ್ಪಂದ ಉಳಿಸೋಕೆ. ಹಾಗಾಗಿ ಮುಂದೆ ಯಾವುದಾದರೂ ನೈವೇದ್ಯದ ಪಟ್ಟಿ ಕೈಗೆ ಸಿಕ್ಕರೆ ಪ್ರತಿ ಪದಾರ್ಥದ ಪಕ್ಕ ‘ಕೂಡಿಡುವುದು’, ‘ವರ್ಷವಿಡೀ’, ‘ಋತುವಿನದು’ ಎಂದು ಗುರುತು ಹಾಕಿ. ಮೂರನೆಯ ಗುಂಪಿನದು ಒಂದಾದರೂ ಸಿಕ್ಕರೆ ಅಲ್ಲಿ ನಿಲ್ಲಿ. ಅದು ಬಹುಶಃ ನಿತ್ಯಪೂಜೆಯದ್ದಲ್ಲ, ಯಾವುದೋ ಹಬ್ಬದ ದತ್ತಿ.