ತಾಮ್ರಪಟ ಮತ್ತು ಮೈಕ್ರೋಫೋನ್: ಗುಜರಾತಿನ ಕನ್ನಡಿಗರ ಮೌಖಿಕ ಚರಿತ್ರೆಯ ಒಂದು ಆಕರಸಮಸ್ಯೆ

ಗುಜರಾತಿನೊಂದಿಗೆ ಕನ್ನಡ ನಾಡಿಗಿದ್ದ ಪ್ರಾಚೀನ ಸಂಬಂಧವನ್ನು ನಾವು ಬಹುಮಟ್ಟಿಗೆ ತಾಮ್ರಪಟಗಳ ಮೂಲಕವೇ ಅರಿತಿದ್ದೇವೆ. ಲಾಟದ ರಾಷ್ಟ್ರಕೂಟ ಶಾಖೆಯ ಕರ್ಕ ಸುವರ್ಣವರ್ಷನು ಶಕ ೭೩೪ರಲ್ಲಿ, ಎಂದರೆ ಕ್ರಿ.ಶ. ೮೧೨ರ ಸುಮಾರಿನಲ್ಲಿ, ದಾನವಾಗಿ ಕೊಟ್ಟ ವಡಪದ್ರಕವೇ ಇಂದಿನ ವಡೋದರದ ಪೂರ್ವರೂಪವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಅರಸನ ಶಕ ೭೪೩ರ ಶಾಸನವೊಂದು ಸೂರತ್ತಿನ ತಾಮ್ರಪಟವೆಂದೇ ಹೆಸರಾಗಿದೆ. ಇಂಥ ಶಾಸನಗಳು ದಾನಿ, ಪ್ರತಿಗ್ರಾಹಿ, ಎಲ್ಲೆಕಟ್ಟು, ತಿಥಿಗಳನ್ನು ಹೇಳಿ ಸುಮ್ಮನಾಗುವುದಿಲ್ಲ. ಬರೆದವನ ಹೆಸರನ್ನೂ ದೂತಕನ ಹೆಸರನ್ನೂ ಕಾಣಿಸುವುದು ರೂಢಿ. ಆಕರವು ಹೇಗೆ ಸಿದ್ಧವಾಯಿತೆಂಬುದು ಆಕರದಲ್ಲಿಯೇ ಉಳಿದಿದೆ.

ಕಳೆದ ಶತಮಾನದಲ್ಲಿ ಅಹಮದಾಬಾದ್, ವಡೋದರ, ಸೂರತ್ತುಗಳಿಗೆ ಬಂದು ನೆಲಸಿದ ಕನ್ನಡಿಗರಿಗೆ ಈ ಭಾಗ್ಯವಿಲ್ಲ. ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಅಧ್ಯಯನ ನಡೆಸಿದ್ದಕ್ಕೆ ಮುದ್ರಿತ ಪ್ರಬಂಧಗಳ ಸಾಕ್ಷ್ಯವಿದೆ. ಅದೇ ಕರಾವಳಿಯಿಂದ ಹೋಟೆಲಿನ ಒಲೆಯ ಮುಂದೆ ದುಡಿಯಲು ಬಂದವರಿಗೆ ಇರುವುದು ನೆನಪು, ಮಾತು ಎರಡೇ. ಆ ಮಾತನ್ನು ಹಿಡಿಯುವ ಸಾಧನದ ಆಯ್ಕೆಯನ್ನು ಯಂತ್ರಜ್ಞರ ಕೆಲಸವೆಂದು ನಾವು ಬಹುಕಾಲ ಕಡೆಗಣಿಸಿದೆವು. ಅದು ಚರಿತ್ರಕಾರನ ಕೆಲಸವೇ ಎಂಬುದು ನಮಗೆ ತಡವಾಗಿ, ಒಂದು ನಷ್ಟದ ಮೂಲಕ, ತಿಳಿಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ವಡೋದರದ ಒಂದು ಮನೆಯಲ್ಲಿ ಹೋಟೆಲು ನಡೆಸಿ ನಿವೃತ್ತರಾದ ಹಿರಿಯರೊಬ್ಬರ ಸಂದರ್ಶನ ನಡೆಸಿದ್ದೆವು. ಕ್ಯಾಸೆಟ್ ಯಂತ್ರವನ್ನು ಮೇಜಿನ ಮೇಲಿಟ್ಟು, ಅದರೊಳಗೇ ಅಡಕವಾಗಿದ್ದ ಮೈಕ್ರೋಫೋನನ್ನು ನಂಬಿದ್ದೆವು. ಹಿರಿಯರ ಮಾತು ಚೆನ್ನಾಗಿಯೇ ದಾಖಲಾಯಿತು. ಆದರೆ ಅವರ ಪತ್ನಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ತುಳು, ಕನ್ನಡ, ಗುಜರಾತಿಗಳನ್ನು ಬೆರೆಸಿ, ಪತಿ ಹೇಳಿದ ಇಸವಿಗಳನ್ನು ಒಂದೊಂದಾಗಿ ತಿದ್ದುತ್ತಿದ್ದರು. ಮೊದಲ ಅಂಗಡಿಯ ಬಂಡವಾಳ ತಮ್ಮ ಬಳೆಗಳಿಂದ ಬಂದದ್ದೆಂದು ಹೇಳಿದವರೂ ಅವರೇ. ಊರಿಗೆ ಮರಳಿ ಸುರುಳಿಯನ್ನು ಕೇಳಿದಾಗ ಆ ಭಾಗದಲ್ಲಿ ಫ್ಯಾನಿನ ಸದ್ದಿನ ಹೊರತು ಬೇರೇನೂ ಇರಲಿಲ್ಲ. ಲಿಪ್ಯಂತರದಲ್ಲಿ ಹನ್ನೊಂದು ಕಡೆ ‘ಅಸ್ಪಷ್ಟ’ ಎಂದು ಬರೆಯಬೇಕಾಯಿತು. ಎರಡು ವರ್ಷಗಳ ಬಳಿಕ ಮತ್ತೆ ಹೋದಾಗ ಆಕೆ ಇರಲಿಲ್ಲ.

ಈ ನಷ್ಟಕ್ಕೆ ಒಂದು ಪೂರ್ವಚರಿತ್ರೆಯಿದೆ. ಗ್ರಿಯರ್ಸನ್ನರ ಭಾಷಾ ಸರ್ವೇಕ್ಷಣೆಯ ಅಂಗವಾಗಿ ೧೯೧೩ರಿಂದ ಗ್ರಾಮೊಫೋನ್ ತಟ್ಟೆಗಳು ಸಿದ್ಧವಾಗತೊಡಗಿದಾಗ ವಕ್ತೃವು ಕಹಳೆಯೊಂದರ ಬಾಯಿಗೆ ಮುಖಕೊಟ್ಟು, ಮೊದಲೇ ಗೊತ್ತುಮಾಡಿದ ಪಾಠವನ್ನು ಒಪ್ಪಿಸಬೇಕಾಗಿತ್ತು. ಬಾಗಿಲ ಮರೆಯ ಮಾತಿಗೆ ಅಲ್ಲಿ ಆಸ್ಪದವೇ ಇರಲಿಲ್ಲ. ೧೯೬೨ರಲ್ಲಿ ಬೆಲ್ ಪ್ರಯೋಗಾಲಯದ ಸೆಸ್ಲರ್ ಮತ್ತು ವೆಸ್ಟ್ ರೂಪಿಸಿದ ಎಲೆಕ್ಟ್ರೆಟ್ ಮೈಕ್ರೋಫೋನು, ೧೯೬೩ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟು ಇವೆರಡೂ ಕೂಡಿ ಧ್ವನಿಮುದ್ರಣವನ್ನು ಕ್ಷೇತ್ರಕಾರ್ಯಕರ್ತನ ಕೈಚೀಲಕ್ಕೆ ಇಳಿಸಿದವು. ಜೊತೆಗೆ ಒಂದು ದುರಭ್ಯಾಸವೂ ಬಂದಿತು. ಅಗ್ಗದ ಯಂತ್ರಗಳಲ್ಲಿ ಧ್ವನಿಯ ಮಟ್ಟವನ್ನು ಯಂತ್ರವೇ ನಿಯಂತ್ರಿಸುತ್ತಿತ್ತು: ವಕ್ತೃ ಮೌನವಾದೊಡನೆ ಅದು ಫ್ಯಾನಿನ ಸದ್ದನ್ನು ಮೇಲೆತ್ತುತ್ತಿತ್ತು, ಹತ್ತಿರದವರು ಮಾತಾಡಿದೊಡನೆ ದೂರದವರನ್ನು ತಗ್ಗಿಸುತ್ತಿತ್ತು. ನಮ್ಮ ವಡೋದರದ ಸುರುಳಿಯಲ್ಲಿ ನಡೆದದ್ದು ಇದೇ.

ಒಳ್ಳೆಯ ಸಾಧನಗಳು ಗುಜರಾತಿಗೆ ಬಂದಿರಲಿಲ್ಲವೆಂದಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಲ್ಲಿ ಡೇವಿಡ್ ಟ್ಯೂಡರ್ ಅವರು ವಿದ್ಯುನ್ಮಾನ ಸಂಗೀತದ ಸ್ಟುಡಿಯೊ ಸ್ಥಾಪಿಸಿದರು. ಅಲ್ಲಿಯ ೧೯೬೯–೭೨ರ ಸುರುಳಿಗಳು ಸಂಸ್ಥೆಯ ಸಂಗ್ರಹದಲ್ಲಿ ಉಳಿದಿದ್ದರಿಂದಲೇ ೨೦೨೩ರಲ್ಲಿ ಪ್ರಕಟವಾಗಿ ಎಲ್ಲರ ಕಿವಿಗೂ ಬಿದ್ದವು. ಖೇಡಬ್ರಹ್ಮ ಪ್ರದೇಶದ ಡುಂಗರಿ ಭಿಲ್ಲರ ಮಹಾಕಾವ್ಯಗಳನ್ನು ಭಗವಾನ್‌ದಾಸ್ ಪಟೇಲರು ಧ್ವನಿಮುದ್ರಿಸಿ ಗ್ರಂಥಕ್ಕೆ ತಂದರು. ೧೯೯೬ರಲ್ಲಿ ಗಣೇಶ ದೇವಿಯವರು ವಡೋದರದಲ್ಲಿ ಆರಂಭಿಸಿದ ‘ಭಾಷಾ’ ಸಂಸ್ಥೆಯ ಕಾರ್ಯವೂ ಆದಿವಾಸಿ ವಾಣಿಯ ಸುತ್ತಲೇ ಬೆಳೆಯಿತು. ಕನ್ನಡ ಮನೆಗಳ ಬಾಗಿಲಿಗೆ ಮಾತ್ರ ನಾವು ಅಗ್ಗದ ಯಂತ್ರ ಹಿಡಿದು ಹೋದೆವು.

ಈಗ ಆಯ್ಕೆಯ ಪ್ರಶ್ನೆ. ಎಲ್ಲ ಮನೆಗಳಿಗೂ ಸಲ್ಲುವ ಮೈಕ್ರೋಫೋನ್ ಯಾವುದೂ ಇಲ್ಲವೆಂಬುದನ್ನು ಮೊದಲೇ ಹೇಳಬೇಕು. ಮನೆಯನ್ನು ನೋಡಿ ಮೈಕನ್ನು ಆರಿಸಬೇಕು. ಅಹಮದಾಬಾದಿನ ಮನೆಗಳಲ್ಲಿ ಹಿರಿಯರು ಕುಳಿತುಕೊಳ್ಳುವುದು ಹೀಂಚಕೊ ಎಂಬ ತೂಗುಯ್ಯಾಲೆಯ ಮೇಲೆ. ಅಲ್ಲಿ ದಶಕಗಳ ಕಾಲ ಬಾಳಿದ ಕನ್ನಡಿಗರಿಗೂ ಈ ಅಭ್ಯಾಸ ಹತ್ತಿದೆ. ತೂಗುವ ವಕ್ತೃವಿನ ಮುಂದೆ ಮೇಜಿನ ಮೈಕಿಟ್ಟರೆ ಮಾತು ಅಲೆಯಂತೆ ಏರಿಳಿಯುತ್ತದೆ, ಏಕೆಂದರೆ ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗ ಧ್ವನಿಯ ಮಟ್ಟ ಆರು ಡೆಸಿಬೆಲ್ ಇಳಿಯುತ್ತದೆ. ಉಯ್ಯಾಲೆಯಿಂದ ಇಳಿಯಿರೆಂದು ಕೇಳಿಕೊಂಡಿದ್ದೂ ಉಂಟು. ಇಳಿದೊಡನೆ ಮಾತೂ ನಿಂತಿತು. ಇಲ್ಲಿ ಸಲ್ಲುವುದು ಉಡುಪಿಗೆ ಸಿಕ್ಕಿಸುವ ಪುಟ್ಟ ಮೈಕು. ಅದು ವಕ್ತೃವಿನೊಂದಿಗೇ ತೂಗುವುದರಿಂದ ಬಾಯಿಗೂ ಅದಕ್ಕೂ ಇರುವ ಗೇಣುದೂರ ಬದಲಾಗದು. ಸರಪಳಿಯ ಕಿರುಗುಟ್ಟುವಿಕೆಗೆ ಎರಡು ಹನಿ ಎಣ್ಣೆ ಸಾಕು, ಮನೆಯವರ ಅಪ್ಪಣೆ ಪಡೆದು.

ಮಹಿಳೆಯರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗುಜರಾತಿ ಪದ್ಧತಿಯಲ್ಲಿ ಸೆರಗು ಹಿಂದಿನಿಂದ ಬಲ ಹೆಗಲ ಮೇಲೆ ಬಂದು ಎದೆಯ ಮೇಲೆ ಹರಡುತ್ತದೆ. ನಮ್ಮ ಕಡೆಯ ಎಡ ಹೆಗಲ ಸೆರಗಿಗೆ ಒಗ್ಗಿದ ಸಂದರ್ಶಕರು ಮೈಕನ್ನು ಎಂದಿನ ಜಾಗದಲ್ಲಿಟ್ಟರೆ ಬಟ್ಟೆಯ ಸರಸರ ಸದ್ದೇ ಮಾತನ್ನು ನುಂಗುತ್ತದೆ. ಸೆರಗಿನ ಒಳಗಲ್ಲ, ಪಿನ್ನು ಹಾಕಿದ ಅಲುಗದ ಪದರದ ಹೊರಗೆ ಸಿಕ್ಕಿಸಬೇಕು. ಕರಿಮಣಿ ತಾಗದಂತೆ ನೋಡಬೇಕು. ಸಿಕ್ಕಿಸುವ ಕೆಲಸವನ್ನು ಅವರಿಗೇ ಬಿಡುವುದು ಮರ್ಯಾದೆ.

ಸೂರತ್ತಿನ ಸಮಸ್ಯೆ ಬೇರೆ. ಉಧನಾದಂಥ ಕಡೆಗಳಲ್ಲಿ ವಿದ್ಯುನ್ಮಗ್ಗಗಳ ಸದ್ದು ಗೋಡೆ ದಾಟಿ ಬರುತ್ತದೆ. ಫ್ಯಾನಿನ ಮೊರೆತವನ್ನು ತಗ್ಗು ಸ್ವರಗಳ ಶೋಧಕದಿಂದ ಒಂದಿಷ್ಟು ಕಳೆಯಬಹುದು. ಮಗ್ಗದ ಖಟಖಟ ಶಬ್ದ ಮಾತಿನ ಕಂಪನಾಂಕಗಳಲ್ಲೇ ಹರಡಿಕೊಂಡಿರುವುದರಿಂದ ಯಾವ ಶೋಧಕಕ್ಕೂ ದಕ್ಕದು. ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಕೇಳಿಸಿಕೊಳ್ಳುವ ಮೈಕನ್ನು ಇಲ್ಲಿ ನಡುಮನೆಯಲ್ಲಿಟ್ಟು ಫಲವಿಲ್ಲ. ಮುಂದಿನ ಧ್ವನಿಗೆ ಒಲಿಯುವ, ಹಿಂದಿನದನ್ನು ತಗ್ಗಿಸುವ ಕಾರ್ಡಿಯಾಯ್ಡ್ ಮೈಕನ್ನು ಕಾಲುಗಂಬಕ್ಕೆ ಹಾಕಿ, ಬೆನ್ನು ಮಗ್ಗದ ಕಡೆಗೂ ಮುಖ ವಕ್ತೃವಿನ ಕಡೆಗೂ ಇರುವಂತೆ, ಬಾಯಿಯಿಂದ ಗೇಣಿನೊಳಗೆ ಇಡಬೇಕು. ತೀರ ಹತ್ತಿರವಾದರೆ ತಗ್ಗು ಸ್ವರಗಳು ಉಬ್ಬುತ್ತವೆಂಬುದು ನೆನಪಿರಲಿ. ಇದರಲ್ಲೊಂದು ಅಪಾಯವೂ ಇದೆ: ಕಂಬದ ಮೇಲಿನ ಮೈಕು ಕಂಡರೆ ಕನ್ನಡ ಸಂಘಗಳ ಹಳೆಯ ಪದಾಧಿಕಾರಿಗಳು ರಾಜ್ಯೋತ್ಸವದ ಭಾಷಣ ಆರಂಭಿಸುತ್ತಾರೆ! ಮೊದಲ ಹತ್ತು ನಿಮಿಷ ಅದನ್ನು ಸಹಿಸಿಕೊಳ್ಳುವುದೇ ಮೇಲು.

ಇನ್ನು ವಡೋದರದ ಆ ಮನೆ. ೧೯೭೫–೭೬ರಲ್ಲಿ ನಡೆದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗದಲ್ಲಿ ಒಂದು ಚಿತ್ರದೊಂದಿಗೆ ಎರಡು ಧ್ವನಿಮಾರ್ಗಗಳನ್ನು ಕಳುಹಿಸುವ ಏರ್ಪಾಡಿತ್ತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಹೊಣೆಯಲ್ಲಿದ್ದ ಆ ಪ್ರಯೋಗ ಕರ್ನಾಟಕದ ಹಳ್ಳಿಗಳನ್ನೂ ಒಳಗೊಂಡಿತ್ತು. ಸಂದರ್ಶನಕ್ಕೂ ಇದೇ ಉಪಾಯ ಸಲ್ಲುತ್ತದೆ: ಎರಡು ಸಿಕ್ಕಿಸುವ ಮೈಕುಗಳು, ಎರಡು ಪ್ರತ್ಯೇಕ ಮಾರ್ಗಗಳು, ಒಂದು ಪತಿಗೆ, ಒಂದು ಪತ್ನಿಗೆ. ಪ್ರಶ್ನೆ ಕೇಳುವವರ ದನಿ ಯಾವುದಾದರೊಂದರಲ್ಲಿ ಮಂದವಾಗಿ ಬಂದರೂ ಸಾಕು. ಪತ್ನಿ ಎದ್ದು ಓಡಾಡುವವರಾದರೆ ತಂತಿಯಿಲ್ಲದ ಮೈಕು ಬೇಕಾಗುತ್ತದೆ.

ಉಪಕರಣಗಳ ಮಾತನ್ನು ಬೇಗನೆ ಮುಗಿಸಬಹುದು. ತಾರಸಿಗೆ ಹೋಗುವುದಾದರೆ ರೋಮದ ಗಾಳಿಗವಸು ಬೇಕು, ಸ್ಪಂಜು ಸಾಲದು; ಉತ್ತರಾಯಣದ ದಿನಗಳಲ್ಲಿ, ಎಂದರೆ ಜನವರಿ ೧೪ರ ಆಸುಪಾಸಿನಲ್ಲಿ, ಯಾವ ಗವಸೂ ಕೆಲಸಕ್ಕೆ ಬಾರದು. ಸ್ಟುಡಿಯೊ ಬಗೆಯ ಕಂಡೆನ್ಸರ್ ಮೈಕುಗಳಿಗೆ ಯಂತ್ರದಿಂದ ೪೮ ವೋಲ್ಟಿನ ಪೂರೈಕೆ ಅಗತ್ಯ. ಕಡತ ೪೮ ಕಿಲೊಹರ್ಟ್ಸ್, ೨೪ ಬಿಟ್‌ನ ಸಂಕುಚಿಸದ ರೂಪದಲ್ಲಿರಲಿ. ಈಚಿನ ೩೨ ಬಿಟ್ ಫ್ಲೋಟ್ ಯಂತ್ರಗಳು ಮಟ್ಟದ ತಪ್ಪನ್ನು ಕ್ಷಮಿಸುತ್ತವೆ, ದೂರದ ತಪ್ಪನ್ನಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಕಿವಿಮುಚ್ಚುವ ಹೆಡ್‌ಫೋನ್. ವಡೋದರದಲ್ಲಿ ಅದೊಂದಿದ್ದಿದ್ದರೆ ಮೊದಲ ಐದು ನಿಮಿಷಗಳಲ್ಲೇ ನಮ್ಮ ತಪ್ಪು ನಮಗೆ ಕೇಳಿಸುತ್ತಿತ್ತು.

ನಮ್ಮ ಸೂಚಿಪತ್ರದ ನಮೂನೆಗೆ ಈಗ ಐದು ಕಲಮುಗಳನ್ನು ಸೇರಿಸಿದ್ದೇವೆ: ಮೈಕಿನ ಬಗೆ, ಬಾಯಿಯಿಂದ ಅದರ ದೂರ, ಕೋಣೆ, ಸುತ್ತಲಿನ ಸದ್ದು, ಮೈಕಿಗೆ ಎಟುಕದೆ ಮಾತಾಡಿದವರು. ಹಳೆಯ ವಡೋದರದ ಸುರುಳಿಗೂ ಅವನ್ನು ಹಿಂದಿನಿಂದ ತುಂಬಿದ್ದೇವೆ. ಐದನೆಯ ಕಲಮಿನಲ್ಲಿ ಹೀಗಿದೆ: ‘ವಕ್ತೃವಿನ ಪತ್ನಿ, ಅಡುಗೆಮನೆಯ ಬಾಗಿಲಲ್ಲಿ, ಸುಮಾರು ನಾಲ್ಕು ಮೀಟರ್ ದೂರ, ಬಳೆಗಳ ವಿಚಾರ ಸಂದರ್ಶಕರ ನೆನಪಿನಿಂದ.’