ದೂರದ ನಂಟರು: ಕುಡುಖ್, ಮಾಲ್ತೊ ಮತ್ತು ನಮ್ಮ ಕನ್ನಡ

ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಮನೆಗೆಲಸಕ್ಕೆ ಬರುವ ಹೆಂಗಸರಲ್ಲಿ ಹಲವರು ಜಾರ್ಖಂಡದ ಗುಮ್ಲಾ ಕಡೆಯವರು. ಕಳೆದ ದೀಪಾವಳಿಯಂದು ಅವರಲ್ಲೊಬ್ಬರು ಮೆಟ್ಟಿಲ ಮೇಲೆ ಹಣತೆಗಳನ್ನು ಎಣಿಸಿಡುತ್ತಿದ್ದರು. "ಒಂಟಾ, ಏಂಡ್, ಮೂಂದ್, ನಾಖ್" ಎಂಬುದು ಕಿವಿಗೆ ಬಿದ್ದು, ತರಕಾರಿ ಚೀಲ ಹಿಡಿದವನು ಹಾಗೆಯೇ ನಿಂತುಬಿಟ್ಟೆ. ಒಂದು, ಎರಡು, ಮೂರು, ನಾಲ್ಕು! ಐದರಿಂದ ಮುಂದೆ ಮಾತ್ರ ಎಣಿಕೆ ಹಿಂದಿಯ ದಾರಿ ಹಿಡಿಯಿತು. ವಿಚಾರಿಸಿದಾಗ, ತಾವು ಉರಾಂವ್ ಜನ, ತಮ್ಮ ಮಾತು ಕುಡುಖ್ ಎಂದರು.

ಈ ನಂಟು ಕಾಕತಾಳೀಯವಲ್ಲ. ನಮ್ಮಂತೆಯೇ ಸರಕಾರಿ ನೌಕರಿಯಲ್ಲಿದ್ದ ಮದರಾಸಿನ ಎಲ್ಲಿಸ್ ಎಂಬವರು 1816ರಲ್ಲೇ, ತಮಿಳು, ತೆಲುಗು, ಕನ್ನಡಗಳ ಮೂಲ ಒಂದೇ, ಅದು ಸಂಸ್ಕೃತವಲ್ಲ ಎಂದು ತೋರಿಸಿದರು. ಗಂಗಾತೀರದ ರಾಜಮಹಲ್ ಬೆಟ್ಟದವರ ನುಡಿಯಲ್ಲೂ ಇಂಥ ಪದಗಳಿವೆಯೆಂದು ಅವರು ಸೂಚಿಸಿದ್ದರು. ಆ ನುಡಿಯೇ ಮಾಲ್ತೊ, ಕುಡುಖ್‌ನ ಒಡಹುಟ್ಟು. 2011ರ ಜನಗಣತಿಯಲ್ಲಿ ಕುಡುಖ್ ಆಡುವವರು ಸುಮಾರು 20 ಲಕ್ಷ, ಮಾಲ್ತೊ ಆಡುವವರು ಸುಮಾರು 2.3 ಲಕ್ಷ. ಬಲೂಚಿಸ್ತಾನದ ಬ್ರಾಹುಯಿಯನ್ನೂ ಹಲವು ವಿದ್ವಾಂಸರು ಇವೆರಡರ ಜೊತೆಗೇ ಸೇರಿಸಿ ಉತ್ತರ ದ್ರಾವಿಡ ಎನ್ನುತ್ತಾರೆ.

ಇನ್ನೊಂದು ಸ್ವಾರಸ್ಯವಿದೆ. ಉರಾಂವರ ಪೂರ್ವಿಕರು 'ಕರ್ನಾಟಿಕ್'ನಿಂದ ಹೊರಟು, ನರ್ಮದೆಯ ಗುಂಟ ನಡೆದು, ಬಿಹಾರದ ಸೋನ್ ನದಿಯ ದಡ ಸೇರಿದರೆಂಬ ಅವರ ಐತಿಹ್ಯವನ್ನು 1906ರ ಭಾರತೀಯ ಭಾಷಾ ಸರ್ವೇಕ್ಷಣೆ ದಾಖಲಿಸಿದೆ. ಆದರೆ ವಾಚಕರು ಹಿಗ್ಗುವ ಮುನ್ನ ಒಂದು ಮಾತು: ಅಂದಿನ ಇಂಗ್ಲಿಷರು ಕರ್ನಾಟಿಕ್ ಎಂದು ಹೆಚ್ಚಾಗಿ ಕರೆಯುತ್ತಿದ್ದುದು ತಮಿಳು ಕರಾವಳಿಯ ಸೀಮೆಯನ್ನು. ಐತಿಹ್ಯವೊಂದರಿಂದಲೇ ಚರಿತ್ರೆ ಸಿದ್ಧವಾಗುವುದಿಲ್ಲ. ಗಟ್ಟಿ ಸಾಕ್ಷಿ ಪದಗಳಲ್ಲಿದೆ.

ಎರಡೇ ಪದಗಳನ್ನು ನೋಡೋಣ. ನಮ್ಮ 'ಕಣ್ಣು' ಕುಡುಖ್‌ನಲ್ಲಿ 'ಖನ್'. ಮೊದಲ ಅಕ್ಷರವನ್ನು ಗಂಟಲಿನಿಂದ ಉಜ್ಜಿ ನುಡಿಯುತ್ತಾರೆ. ತಮಿಳು, ತೆಲುಗು, ತುಳುಗಳಲ್ಲೆಲ್ಲ ಇಲ್ಲಿ ಕಕಾರವೇ ಇರುವುದರಿಂದ ಬದಲಾದದ್ದು ಕುಡುಖ್ ಎಂದು ತಿಳಿಯುತ್ತದೆ. ಇನ್ನು ನಮ್ಮ 'ಹಲ್ಲು' ಅಲ್ಲಿ 'ಪಲ್', ಮಾಲ್ತೊದಲ್ಲಿ 'ಪಲು', ತಮಿಳಿನಲ್ಲಿ 'ಪಲ್', ತೆಲುಗಿನಲ್ಲಿ 'ಪಲ್ಲು'. ಹಳಗನ್ನಡದಲ್ಲಿ ನಾವೂ 'ಪಲ್' ಎಂದೇ ಅನ್ನುತ್ತಿದ್ದೆವು; ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಪಕಾರ ಹಕಾರವಾಯಿತು. ಇಲ್ಲಿ ಬದಲಾದವರು ನಾವು! ಹೀಗೆ ಒಬ್ಬಳು ಕಳೆದುಕೊಂಡದ್ದನ್ನು ಇನ್ನೊಬ್ಬಳಲ್ಲಿ ಹುಡುಕಿ, 'ಕಣ್', 'ಪಲ್' ಎಂಬ ಮೂಲರೂಪಗಳನ್ನು ವಿದ್ವಾಂಸರು ಕಟ್ಟಿಕೊಡುತ್ತಾರೆ. ಬರಹದಲ್ಲಿ ಎಲ್ಲೂ ಸಿಗದ ರೂಪವೆಂದು ತಿಳಿಸಲು ಅದರ ಹಿಂದೆ ನಕ್ಷತ್ರದ ಗುರುತು ಹಾಕುತ್ತಾರೆ. ಇಂಥ ಪದಗಳ ಮೊತ್ತವೇ ಮೂಲ ದ್ರಾವಿಡ. ಅದರ ವಯಸ್ಸು ಸುಮಾರು 4,500 ವರ್ಷವೆಂದು 2018ರ ಒಂದು ಸಂಶೋಧನೆ ಅಂದಾಜು ಮಾಡಿದೆ.

ಯಾವ ಭಾಷೆ ಯಾವುದಕ್ಕೆ ತಾಯಿ ಎಂದು ಆಗಾಗ್ಗೆ ಜಗಳ ಏಳುವುದುಂಟು. ತಾಯಿ ಇಂದು ಯಾರ ಮನೆಯಲ್ಲೂ ಇಲ್ಲ; ಉಳಿದವರೆಲ್ಲ ಅಕ್ಕತಂಗಿಯರು. ಲಿಪಿ, ಕಾವ್ಯ, ಶಾಸನಗಳ ಭಾಗ್ಯ ನಮಗಿತ್ತು, ಕುಡುಖ್‌ಗೆ ಬಹುಕಾಲ ಇರಲಿಲ್ಲ. ಆದರೂ ತಾಯಿಯ ಆಸ್ತಿಯಲ್ಲಿ ನಾವು ಕಳೆದ ಪಕಾರವನ್ನು ಜೋಪಾನ ಮಾಡಿದವಳು ಅವಳು.

ಆ ಹೆಂಗಸಿನ ಮಗ ಈಗ ಒಂದರಿಂದಲೇ ಹಿಂದಿಯಲ್ಲಿ ಎಣಿಸುತ್ತಾನಂತೆ. ಅಯ್ಯೋ ಎಂದುಕೊಂಡು ಮನೆಗೆ ಬಂದು ನನ್ನ ಮಗಳನ್ನು ಎಣಿಸಲು ಹೇಳಿದೆ. ಹತ್ತರವರೆಗೆ ಸರಾಗವಾಗಿ ಹೇಳಿದಳು. ಆಮೇಲೆ "ಗ್ಯಾರಹ್, ಬಾರಹ್". ಕುಡುಖ್ ನಾಲ್ಕಕ್ಕೆ ನಿಂತದ್ದೂ ಹೀಗೆಯೇ ಇದ್ದೀತು. ಅಂದಿನಿಂದ ನಮ್ಮ ಮನೆಯಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತೇವೆ. ಪ್ರತಿ ಮೆಟ್ಟಿಲನ್ನೂ ಕನ್ನಡದಲ್ಲಿ ಎಣಿಸುತ್ತೇವೆ.